ಯೂರೋಪು ಅಧ್ಯಯನದ ಸ್ನಾತಕೋತ್ತರ ಪದವಿ: ಅದರ ನಿಬಂಧನೆಗಳ ಚಾರಿತ್ರಿಕ ವಿಕಾಸ

ವಿಶ್ವವಿದ್ಯಾನಿಲಯಗಳು ಹೊರಡಿಸುವ ಪದವಿ ನಿಬಂಧನೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಶಾಸನ, ಕಡತ, ಬಖೈರು, ಪ್ರವಾಸಿಗಳ ಬರಹ ಮೊದಲಾದವುಗಳಿಗೆ ಸಲ್ಲುವ ಗಮನವು ‘ಇಂಥ ವಿಷಯದಲ್ಲಿ ಇಷ್ಟು ವರ್ಷ ವ್ಯಾಸಂಗ ಮಾಡಿರತಕ್ಕದ್ದು, ಇಂಥ ಭಾಷೆಯನ್ನು ಬಲ್ಲವನಾಗಿರತಕ್ಕದ್ದು’ ಎಂದು ಸಾರುವ ಕಾಗದಪತ್ರಗಳಿಗೆ ಸಲ್ಲುವುದಿಲ್ಲ. ಆದರೆ ಒಂದು ಕಾಲದ ಸಮಾಜವು ಯಾವುದನ್ನು ವಿದ್ಯೆಯೆಂದು ಬಗೆದಿತ್ತು, ಆ ವಿದ್ಯೆಯನ್ನು ಯಾರ ಕೈಗೆ ಒಪ್ಪಿಸಬಯಸಿತ್ತು ಎಂಬುದನ್ನು ಇಂಥ ನಿಬಂಧನೆಗಳಷ್ಟು ನೇರವಾಗಿ ತಿಳಿಸುವ ಆಧಾರಗಳು ವಿರಳವೆಂದೇ ಹೇಳಬೇಕು. ಪ್ರಸ್ತುತ ಲೇಖನದಲ್ಲಿ ನಾವು ಒಂದು ನಿರ್ದಿಷ್ಟ ಪದವಿಯನ್ನು ಎತ್ತಿಕೊಂಡು ಈ ಮಾತನ್ನು ಪರೀಕ್ಷಿಸಲು ಯತ್ನಿಸುತ್ತೇವೆ. ಯೂರೋಪು ಅಧ್ಯಯನವನ್ನು ವಿಶೇಷ ವಿಷಯವನ್ನಾಗಿ ಉಳ್ಳ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿಯೇ ಆ ನಿದರ್ಶನ.

ಇಂದು ಯೂರೋಪಿನ ಯಾವುದೇ ದೇಶದಲ್ಲಿ ಈ ಪದವಿಗೆ ಸೇರಬಯಸುವವನಿಂದ ಸಾಮಾನ್ಯವಾಗಿ ಐದು ಅಂಶಗಳನ್ನು ಅಪೇಕ್ಷಿಸಲಾಗುತ್ತದೆ. ರಾಜ್ಯಶಾಸ್ತ್ರ ಅಥವಾ ಅದಕ್ಕೆ ಸಮೀಪದ ಸಮಾಜಶಾಸ್ತ್ರಗಳಲ್ಲಿ ಮೊದಲ ಪದವಿ ಒಂದು. ಬೋಧನಭಾಷೆಯಲ್ಲಿ, ಅನೇಕ ಕಡೆ ಮತ್ತೊಂದು ಯೂರೋಪಿಯನ್ ಭಾಷೆಯಲ್ಲಿಯೂ, ಪರಿಣತಿ ಎರಡು. ನಿಗದಿಯಾದ ಪ್ರಮಾಣದ ಪರಿಶ್ರಮ ಮೂರು. ರಾಜ್ಯಶಾಸ್ತ್ರದ ಜೊತೆಗೆ ನ್ಯಾಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸಗಳ ವ್ಯಾಸಂಗ ನಾಲ್ಕು. ಕೊನೆಯದಾಗಿ ಒಂದು ಪ್ರಬಂಧ. ಈ ಐದೂ ಒಂದೇ ಕಾಲದಲ್ಲಿ ಹುಟ್ಟಿದವುಗಳಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ಕಾಲದ, ಬೇರೆ ಬೇರೆ ಅಗತ್ಯದ ಗುರುತುಗಳಿವೆ. ಅವುಗಳನ್ನು ಅನುಕ್ರಮವಾಗಿ ಪರಿಶೀಲಿಸಿದರೆ ಈ ವ್ಯವಸ್ಥೆ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಏನು ಅರ್ಥವನ್ನು ಪಡೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

1. ‘ಮಾಸ್ಟರ್’ ಎಂಬ ಬಿರುದಿನ ಮೂಲ

ಸ್ನಾತಕೋತ್ತರ ಪದವಿಗೆ ಯೂರೋಪಿನಲ್ಲಿ ಬಳಕೆಯಲ್ಲಿರುವ ‘ಮಾಸ್ಟರ್’ ಎಂಬ ಹೆಸರು ಲ್ಯಾಟಿನ್ನಿನ ‘ಮಗಿಸ್ಟರ್’ ಶಬ್ದದಿಂದ ಬಂದುದು. ಅದರ ಅರ್ಥ ಅಧ್ಯಾಪಕ ಎಂದು. ಮಧ್ಯಯುಗದಲ್ಲಿ ಈ ಪದವಿಯು ವ್ಯಾಸಂಗ ಮುಗಿದುದಕ್ಕೆ ಕೊಡುವ ಪ್ರಶಸ್ತಿಯಾಗಿರಲಿಲ್ಲ. ಪಾಠ ಹೇಳುವುದಕ್ಕೆ ಕೊಡುವ ಅಧಿಕಾರವಾಗಿತ್ತು. 1215ರಲ್ಲಿ ಪೋಪನ ಪ್ರತಿನಿಧಿ ರೋಬೆರ್ ದ ಕೂರ್ಸೊನನು ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ಕಟ್ಟುಕಟ್ಟಳೆಗಳನ್ನು ವಿಧಿಸಿದನು. ಅದರ ಪ್ರಕಾರ ‘ಕಲೆ’ಗಳಲ್ಲಿ ಪಾಠ ಹೇಳುವವನಿಗೆ 21 ವರ್ಷ ವಯಸ್ಸಾಗಿರಬೇಕು, ಅವನು ಕಡೆಯಪಕ್ಷ ಆರು ವರ್ಷಗಳ ಕಾಲ ಪಾಠ ಕೇಳಿರಬೇಕು, ಮುಂದೆ ಎರಡು ವರ್ಷವಾದರೂ ತಾನೇ ಪಾಠ ಹೇಳುವುದಾಗಿ ಮಾತು ಕೊಡಬೇಕು. ದೇವತಾಶಾಸ್ತ್ರದ ಅಧ್ಯಾಪಕನಿಗಾದರೋ 35 ವರ್ಷ ತುಂಬಿರಬೇಕಿತ್ತು.

ಈ ಕಟ್ಟಳೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ವಿದ್ಯೆಯನ್ನು ಕಾಲದಿಂದ ಅಳೆಯುವ ಪದ್ಧತಿ ಆಧುನಿಕರ ಸೃಷ್ಟಿಯಲ್ಲ ಎಂಬುದು ಮೊದಲನೆಯದು. ಆಕ್ಸ್‌ಫರ್ಡಿನಲ್ಲಿ ಇಂದಿಗೂ ಬಿ.ಎ. ಪದವೀಧರನು, ತಾನು ಪ್ರವೇಶ ಪಡೆದಂದಿನಿಂದ 21 ವ್ಯಾಸಂಗಾವಧಿಗಳು, ಎಂದರೆ ಏಳು ವರ್ಷಗಳು, ಕಳೆದ ಬಳಿಕ ಮತ್ತಾವ ಪರೀಕ್ಷೆಯೂ ಇಲ್ಲದೆ ಎಂ.ಎ. ಎನಿಸಿಕೊಳ್ಳುತ್ತಾನೆ. ಅದು ಈ ಹಳೆಯ ಕಲ್ಪನೆಯ ಅವಶೇಷ. ಪದವೀಧರನಿಗೆ ಹಕ್ಕಿನ ಜೊತೆಗೆ ಹೊಣೆಯೂ ಇತ್ತು ಎಂಬುದು ಎರಡನೆಯದು. ಕಲಿತವನು ಕಲಿಸಬೇಕು ಎಂಬ ಈ ಷರತ್ತು ಕಾಲಕ್ರಮದಲ್ಲಿ ಬಿದ್ದುಹೋಯಿತು. ಪದವಿಯ ಹೆಸರು ಮಾತ್ರ ಉಳಿಯಿತು.

ಒಂದೆಡೆಯ ಪದವಿಗೆ ಮತ್ತೊಂದೆಡೆ ಮನ್ನಣೆ ದೊರೆಯಬೇಕೆಂಬ ಪ್ರಶ್ನೆಯೂ ಅಂದಿನದೇ. 1233ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪನು ಟುಲೂಸ್ ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ಎಲ್ಲಿ ಬೇಕಾದರೂ ಪಾಠ ಹೇಳುವ ಹಕ್ಕನ್ನು ದಯಪಾಲಿಸಿದನು. ಕಾಗದದ ಮೇಲೆ ಈ ಹಕ್ಕು ಸಾರ್ವತ್ರಿಕವಾಗಿತ್ತು. ಆಚರಣೆಯಲ್ಲಿ ಮಾತ್ರ ಪ್ಯಾರಿಸ್, ಆಕ್ಸ್‌ಫರ್ಡುಗಳಂಥ ಹಿರಿಯ ಸಂಸ್ಥೆಗಳು ಇತರರ ಪದವೀಧರರನ್ನು ಮರುಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಮನ್ನಣೆಯು ಘೋಷಣೆಯಿಂದ ಬರುವುದಿಲ್ಲ, ಪರಸ್ಪರ ವಿಶ್ವಾಸದಿಂದ ಬರುತ್ತದೆ ಎಂಬ ಈ ಪಾಠವನ್ನು ಮುಂದಿನ ಪ್ರಕರಣಗಳಲ್ಲಿಯೂ ನೆನಪಿನಲ್ಲಿಡಬೇಕು.

2. ರಾಜ್ಯಶಾಸ್ತ್ರ ಪೀಠಗಳ ಹುಟ್ಟು

ಮಧ್ಯಯುಗದ ವಿದ್ಯಾಪೀಠಗಳಲ್ಲಿ ರಾಜ್ಯಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಅರಿಸ್ಟಾಟಲನ ‘ಪಾಲಿಟಿಕ್ಸ್’ ಗ್ರಂಥವನ್ನು ನೀತಿಶಾಸ್ತ್ರದ ಅಂಗವಾಗಿ ಓದುತ್ತಿದ್ದರು. ಈ ವಿಷಯಕ್ಕೆಂದೇ ಏರ್ಪಟ್ಟ ಪ್ರಾಧ್ಯಾಪಕ ಪೀಠಗಳಲ್ಲಿ ಅತ್ಯಂತ ಹಳೆಯದೆಂದು ಪರಿಗಣಿತವಾಗಿರುವುದು ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಗುಸ್ತಾವ್ ಅಡಾಲ್ಫ್ ದೊರೆಗೆ ಬಾಲ್ಯದಲ್ಲಿ ಗುರುವಾಗಿದ್ದ ಯೋಹಾನ್ ಸ್ಕ್ಯೂಟೆ ಎಂಬಾತನು 1622ರಲ್ಲಿ ಅದನ್ನು ದತ್ತಿಯಾಗಿ ಸ್ಥಾಪಿಸಿದನು. ಅದರ ಹೆಸರೇ ‘ವಾಗ್ಮಿತೆ ಮತ್ತು ರಾಜ್ಯನೀತಿ’ಯ ಪೀಠ. ಬೆಳೆಯುತ್ತಿದ್ದ ಸ್ವೀಡನ್ ರಾಜ್ಯಕ್ಕೆ ಲ್ಯಾಟಿನ್ನಿನಲ್ಲಿ ನಿರರ್ಗಳವಾಗಿ ಮಾತನಾಡಬಲ್ಲ, ಪತ್ರವ್ಯವಹಾರ ನಡೆಸಬಲ್ಲ ಅಧಿಕಾರಿಗಳು ಬೇಕಾಗಿದ್ದರು. 1727ರಲ್ಲಿ ಪ್ರಷ್ಯದ ದೊರೆ ಒಂದನೆಯ ಫ್ರೆಡರಿಕ್ ವಿಲಿಯಂ, ಹಾಲೆ ಮತ್ತು ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟುಗಳಲ್ಲಿ ರಾಜ್ಯಾದಾಯ ಮತ್ತು ಆಡಳಿತಶಾಸ್ತ್ರದ ಪೀಠಗಳನ್ನು ತೆರೆದುದೂ ಇಂಥ ಉದ್ದೇಶದಿಂದಲೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರವೃತ್ತಿ ಇನ್ನಷ್ಟು ಸ್ಪಷ್ಟವಾಗುತ್ತದೆ. 1870–71ರ ಯುದ್ಧದಲ್ಲಿ ಪ್ರಷ್ಯದಿಂದ ಸೋತ ಫ್ರಾನ್ಸಿನಲ್ಲಿ, ತಮ್ಮ ದೇಶದ ಆಳುವ ವರ್ಗದ ಅಜ್ಞಾನವೂ ಆ ಸೋಲಿಗೆ ಕಾರಣವೆಂದು ಭಾವಿಸಿದ ಎಮಿಲ್ ಬೂತ್ಮಿ 1872ರಲ್ಲಿ ಪ್ಯಾರಿಸಿನ ರಾಜ್ಯಶಾಸ್ತ್ರಗಳ ಸ್ವತಂತ್ರ ಶಾಲೆಯನ್ನು ಆರಂಭಿಸಿದನು. 1895ರಲ್ಲಿ ಸಿಡ್ನಿ ವೆಬ್, ಬಿಯಟ್ರಿಸ್ ವೆಬ್ ಮತ್ತು ಅವರ ಸಂಗಡಿಗರು ಲಂಡನ್ ಅರ್ಥಶಾಸ್ತ್ರ ಶಾಲೆಯನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದ ಬಳಿಕ, 1919ರಲ್ಲಿ, ವೇಲ್ಸಿನ ಅಬರಿಸ್ಟ್ವಿತ್ತಿನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆ ಮೊತ್ತಮೊದಲ ಪ್ರಾಧ್ಯಾಪಕ ಪೀಠ ಏರ್ಪಟ್ಟಿತು.

ಲಂಡನ್ ಶಾಲೆಯೊಂದನ್ನು ಬಿಟ್ಟರೆ, ಇವೆಲ್ಲವೂ ರಾಜ್ಯಕ್ಕೆ ಒದಗಿದ ಒಂದು ತುರ್ತಿಗೆ ಅಥವಾ ಆಘಾತಕ್ಕೆ ವಿದ್ಯಾಲೋಕವು ಕೊಟ್ಟ ಉತ್ತರಗಳು. ಆದರೆ 1919ರವರೆಗಿನ ಉತ್ತರಗಳಲ್ಲಿ ಒಂದು ಸಮಾನ ಮಿತಿಯನ್ನು ಕಾಣುತ್ತೇವೆ: ಸ್ವೀಡನ್ನಿನ ಪೀಠ ಸ್ವೀಡನ್ನಿಗಾಗಿ, ಪ್ರಷ್ಯದ ಪೀಠ ಪ್ರಷ್ಯಕ್ಕಾಗಿ, ಪ್ಯಾರಿಸಿನ ಶಾಲೆ ಫ್ರಾನ್ಸಿಗಾಗಿ. ಯೂರೋಪನ್ನೇ ಒಂದು ರಾಜಕೀಯ ವಸ್ತುವೆಂದು ತಿಳಿದು ಅದರ ವ್ಯಾಸಂಗಕ್ಕೆಂದು ಪದವಿ ಕೊಡುವ ಆಲೋಚನೆಗೆ ಇನ್ನೂ ದೊಡ್ಡದೊಂದು ಅನಾಹುತ ಬೇಕಾಯಿತು.

3. ಬ್ರೂಜ್ ಮತ್ತು ಫ್ಲಾರೆನ್ಸ್

ಎರಡನೆಯ ಮಹಾಯುದ್ಧ ಮುಗಿದ ಮೂರು ವರ್ಷಗಳಲ್ಲಿ, 1948ರ ಮೇ 7ರಿಂದ 10ರವರೆಗೆ, ಹಾಲೆಂಡಿನ ಹೇಗ್ ನಗರದಲ್ಲಿ ‘ಯೂರೋಪಿನ ಸಮ್ಮೇಳನ’ ಸೇರಿತು. ಫ್ರಾಂಕೋನ ಆಡಳಿತದಿಂದ ದೇಶಭ್ರಷ್ಟನಾಗಿದ್ದ ಸ್ಪೇನಿನ ವಿದ್ವಾಂಸ ಸಾಲ್ವದೋರ್ ದೆ ಮದರಿಯಾಗ ಅಲ್ಲಿ, ಯುದ್ಧದಲ್ಲಿ ಪರಸ್ಪರ ಹೋರಾಡಿದ ದೇಶಗಳ ಪದವೀಧರರು ಕೂಡಿ ಬಾಳಿ ಕೂಡಿ ಓದುವಂಥ ಒಂದು ವಿದ್ಯಾಲಯ ಬೇಕೆಂದು ಸೂಚಿಸಿದನು. ಬೆಲ್ಜಿಯಮ್ಮಿನ ಬ್ರೂಜ್ ನಗರದ ನಾಗರಿಕರು ಆ ಸಂಸ್ಥೆ ತಮ್ಮಲ್ಲಿಗೆ ಬರಲೆಂದು ಶ್ರಮಿಸಿದರು. 1949ರಲ್ಲಿ ಅಲ್ಲಿ ‘ಯೂರೋಪು ಕಾಲೇಜು’ ಸ್ಥಾಪನೆಯಾಯಿತು. ಯುದ್ಧಕಾಲದಲ್ಲಿ ನಾಜಿಗಳ ಸೆರೆಯಲ್ಲಿದ್ದ ಡಚ್ ವಿದ್ವಾಂಸ ಹೆಂಡ್ರಿಕ್ ಬ್ರುಗ್ಮನ್ಸ್ ಅದರ ಪ್ರಥಮ ರೆಕ್ಟರ್ ಆಗಿ 1950ರಿಂದ 1972ರವರೆಗೆ ಸೇವೆ ಸಲ್ಲಿಸಿದನು.

ಸ್ಥಾಪನೆಯ ವರ್ಷವನ್ನು ಓದುಗರು ಗಮನಿಸಬೇಕು. ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಒಪ್ಪಂದಕ್ಕೆ ಸಹಿ ಬಿದ್ದುದು 1951ರಲ್ಲಿ. ರೋಮ್ ಒಪ್ಪಂದಗಳಿಗೆ 1957ರಲ್ಲಿ. ಆದ್ದರಿಂದ ಯೂರೋಪು ಅಧ್ಯಯನದ ಪದವಿಯು ಯೂರೋಪು ಸಮುದಾಯಕ್ಕಿಂತ ಹಿರಿಯದು. ಹಿಂದಿನ ಪೀಠಗಳು ಇದ್ದ ರಾಜ್ಯಕ್ಕೆ ಅಧಿಕಾರಿಗಳನ್ನು ತರಬೇತುಗೊಳಿಸಲು ಹುಟ್ಟಿದ್ದುವು. ಇದಾದರೋ ಇನ್ನೂ ಇಲ್ಲದ ಆಡಳಿತಕ್ಕೆ ಜನರನ್ನು ಸಿದ್ಧಗೊಳಿಸಲು ಹುಟ್ಟಿತು. ಪದವಿಯ ನಿಬಂಧನೆಗಳಲ್ಲಿಯೂ ಈ ಉದ್ದೇಶದ ಗುರುತುಂಟು. ವಿದ್ಯಾರ್ಥಿಗಳು ಒಂದು ವರ್ಷ ಕಾಲೇಜಿನ ನಿಲಯಗಳಲ್ಲಿಯೇ ವಾಸಿಸಬೇಕು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಭಾಷೆಗಳಲ್ಲಿ ವ್ಯವಹರಿಸಬೇಕು. ಎಂದರೆ ಇಲ್ಲಿ ಎರಡನೆಯ ಭಾಷೆಯು ಅಲಂಕಾರವಲ್ಲ. ತನ್ನ ನುಡಿಯಲ್ಲದ ನುಡಿಯಲ್ಲಿ ವಾದಿಸಿ, ಸೋತು, ಒಪ್ಪಂದಕ್ಕೆ ಬರುವ ಅಭ್ಯಾಸವೇ ಶಿಕ್ಷಣದ ಒಂದು ಭಾಗ.

ಇಂಥ ಸಂಸ್ಥೆಯು ವಿದ್ಯಾಲಯವೋ ಪ್ರಚಾರಾಲಯವೋ ಎಂಬ ಸಂದೇಹ ಮೂಡುವುದು ಸಹಜ. ಆ ಸಂದೇಹ ನಿರಾಧಾರವೆಂದು ಹೇಳಲಾಗದು. ಸ್ಥಾಪಕರಲ್ಲಿ ಅನೇಕರು ಒಕ್ಕೂಟವಾದಿಗಳಾಗಿದ್ದರು. ಆದರೆ 1988ರ ಸೆಪ್ಟೆಂಬರ್ 20ರಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಬ್ರಸೆಲ್ಸಿನಿಂದ ಆಳುವ ಯೂರೋಪಿನ ಮಹಾರಾಜ್ಯದ ಕಲ್ಪನೆಯನ್ನು ಖಂಡಿಸಿ ಮಾಡಿದ ಪ್ರಸಿದ್ಧ ಭಾಷಣ ನಡೆದುದೂ ಇದೇ ಕಾಲೇಜಿನ ವೇದಿಕೆಯಲ್ಲಿ. ಯೂರೋಪು ಐಕ್ಯವಾದಿಗಳು ಕಟ್ಟಿದ ಮನೆಯಲ್ಲಿಯೇ ಅದರ ವಿಮರ್ಶಕರ ಪ್ರಧಾನ ಪಠ್ಯವೂ ಹುಟ್ಟಿತು. ಸಂಸ್ಥೆಯು ಮುಂದೆ ಪೋಲೆಂಡಿನ ನತೋಲಿನ್ನಿನಲ್ಲಿ ಎರಡನೆಯ ನೆಲೆಯನ್ನು ತೆರೆದುದು, ಪೂರ್ವ ಯೂರೋಪಿನ ಕಮ್ಯೂನಿಸ್ಟ್ ಆಡಳಿತಗಳು ಕುಸಿದ ಬಳಿಕ.

ಇದಕ್ಕೆ ಹೋಲಿಸಿದರೆ ಫ್ಲಾರೆನ್ಸಿನ ಕಥೆ ನಿಧಾನದ್ದು. 1957ರ ಅಣುಶಕ್ತಿ ಸಮುದಾಯದ ಒಪ್ಪಂದದ ಒಂಬತ್ತನೆಯ ವಿಧಿಯಲ್ಲಿ ವಿಶ್ವವಿದ್ಯಾನಿಲಯ ಮಟ್ಟದ ಒಂದು ಸಂಸ್ಥೆಯನ್ನು ಸ್ಥಾಪಿಸತಕ್ಕದ್ದೆಂದು ಬರೆದಿತ್ತು. ಆದರೆ ಶಿಕ್ಷಣವು ರಾಷ್ಟ್ರದ ಹಕ್ಕೋ ಸಮುದಾಯದ ಹಕ್ಕೋ ಎಂಬ ವಿವಾದದಲ್ಲಿ ಹದಿನೈದು ವರ್ಷಗಳು ಕಳೆದುವು. 1972ರ ಏಪ್ರಿಲ್ 19ರಂದು ಒಡಂಬಡಿಕೆಯಾಗಿ, 1976ರಲ್ಲಿ ಯೂರೋಪು ವಿಶ್ವವಿದ್ಯಾಸಂಸ್ಥೆಯು ಫ್ಲಾರೆನ್ಸಿನ ಬಳಿ ಮೊದಲ ಸಂಶೋಧಕರನ್ನು ಬರಮಾಡಿಕೊಂಡಿತು. ಅದು ಮುಖ್ಯವಾಗಿ ಡಾಕ್ಟರೇಟ್ ಸಂಶೋಧನೆಯ ನೆಲೆಯಾಯಿತು. ಸ್ನಾತಕೋತ್ತರ ಪದವಿಗಳನ್ನು ರಾಷ್ಟ್ರಗಳು ತಮ್ಮ ಕೈಯಲ್ಲಿಯೇ ಇಟ್ಟುಕೊಂಡುವು.

4. ಒಂದೇ ಶಾಸ್ತ್ರ ಏಕೆ ಸಾಲದು

ರಾಜ್ಯಶಾಸ್ತ್ರದ ಪದವಿಗೆ ನ್ಯಾಯಶಾಸ್ತ್ರವೂ ಅರ್ಥಶಾಸ್ತ್ರವೂ ಇತಿಹಾಸವೂ ಏಕೆ ಕಡ್ಡಾಯವಾಗಬೇಕು? ಇದು ಪಠ್ಯಕ್ರಮ ರಚಿಸಿದವರ ಔದಾರ್ಯದಿಂದ ಬಂದುದಲ್ಲ, ವಸ್ತುವಿನ ಸ್ವಭಾವದಿಂದ ಬಂದುದು. 1963ರಲ್ಲಿ ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಾಣಿಕೆ ಸಂಸ್ಥೆಯು, ಜರ್ಮನಿಯಿಂದ ತಂದ ರಾಸಾಯನಿಕ ಪದಾರ್ಥದ ಮೇಲಿನ ಸುಂಕವನ್ನು ಪ್ರಶ್ನಿಸಿ ಹೂಡಿದ್ದ ಮೊಕದ್ದಮೆಯಲ್ಲಿ ಸಮುದಾಯದ ನ್ಯಾಯಾಲಯವು ತೀರ್ಪು ನೀಡಿತು: ಸಮುದಾಯದ ಒಪ್ಪಂದವು ರಾಜ್ಯಗಳನ್ನಷ್ಟೇ ಅಲ್ಲದೆ ವ್ಯಕ್ತಿಗಳನ್ನೂ ಒಳಗೊಳ್ಳುತ್ತದೆ, ವ್ಯಕ್ತಿಯು ಅದರ ಆಧಾರದ ಮೇಲೆ ತನ್ನ ದೇಶದ ನ್ಯಾಯಾಲಯದಲ್ಲಿ ಹಕ್ಕು ಸಾಧಿಸಬಹುದು. ಮರುವರ್ಷ, ಇಟಲಿಯ ವಿದ್ಯುತ್ ರಾಷ್ಟ್ರೀಕರಣದಿಂದ ಹುಟ್ಟಿದ ಕೋಸ್ತ ಮೊಕದ್ದಮೆಯಲ್ಲಿ, ಸಮುದಾಯದ ಕಾನೂನು ದೇಶದ ಕಾನೂನಿಗಿಂತ ಮೇಲೆಂದು ಅದೇ ನ್ಯಾಯಾಲಯವು ಸಾರಿತು. ಯಾವ ಸಂಸತ್ತಿನಲ್ಲಿಯೂ ಚರ್ಚೆ ನಡೆಯದೆ, ಯಾವ ಚುನಾವಣೆಯ ಗದ್ದಲವೂ ಇಲ್ಲದೆ, ಸುಂಕದ ಮತ್ತು ವಿದ್ಯುತ್ ಬಿಲ್ಲಿನ ಜಗಳಗಳಿಂದ ಒಂದು ಸಂವಿಧಾನತತ್ತ್ವ ಹುಟ್ಟಿತು. ತೀರ್ಪುಗಳನ್ನು ಓದಲು ಬಾರದ ರಾಜ್ಯಶಾಸ್ತ್ರಜ್ಞನಿಗೆ ಈ ಬದಲಾವಣೆ ಕಾಣುವುದೇ ಇಲ್ಲ.

ಇತಿಹಾಸದ ಅಗತ್ಯವೂ ಇಂಥದೇ. 1958ರಲ್ಲಿ ಎರ್ನ್ಸ್ಟ್ ಹಾಸ್ ಎಂಬ ವಿದ್ವಾಂಸ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯವನ್ನು ಪರಿಶೀಲಿಸಿ, ಒಂದು ಕ್ಷೇತ್ರದಲ್ಲಿ ಆರಂಭವಾದ ಐಕ್ಯವು ಮತ್ತೊಂದಕ್ಕೆ ತಾನಾಗಿ ಹರಿದು ಹಬ್ಬುತ್ತದೆಂಬ ವಾದವನ್ನು ಮುಂದಿಟ್ಟನು. 1965ರ ಜುಲೈಯಿಂದ 1966ರ ಜನವರಿವರೆಗೆ ಫ್ರಾನ್ಸ್ ಸಮುದಾಯದ ಸಚಿವಮಂಡಲಿಯಲ್ಲಿ ತನ್ನ ಆಸನವನ್ನು ಖಾಲಿ ಬಿಟ್ಟಾಗ ಆ ವಾದಕ್ಕೆ ಪೆಟ್ಟು ಬಿದ್ದಿತು; 1966ರಲ್ಲಿಯೇ ಸ್ಟ್ಯಾನ್ಲಿ ಹಾಫ್‌ಮನ್ ರಾಷ್ಟ್ರರಾಜ್ಯದ ಹಠವನ್ನು ಎತ್ತಿ ತೋರಿದನು. ಬಳಿಕ ಇತಿಹಾಸಕಾರ ಅಲನ್ ಮಿಲ್ವರ್ಡ್ 1992ರಲ್ಲಿ, ಸಮುದಾಯವು ರಾಷ್ಟ್ರರಾಜ್ಯವನ್ನು ಅಳಿಸಿಲ್ಲ, ಯುದ್ಧದಿಂದ ಕುಸಿದಿದ್ದ ಅದನ್ನು ಉಳಿಸಿದೆ ಎಂದು ಪ್ರತಿಪಾದಿಸಿದನು. 1998ರಲ್ಲಿ ಆಂಡ್ರ್ಯೂ ಮೊರಾವ್‌ಚಿಕ್, ಸರ್ಕಾರಗಳ ಆರ್ಥಿಕ ಹಿತಾಸಕ್ತಿ ಮತ್ತು ಚೌಕಾಸಿಗಳೇ ನಿರ್ಣಾಯಕವೆಂದು ಹೇಳಿದನು. ಈ ನಾಲ್ವರನ್ನೂ ಓದದೆ ಇಂದು ಯಾವ ವಿದ್ಯಾರ್ಥಿಯೂ ಈ ಪದವಿಯನ್ನು ಮುಗಿಸುವುದು ಕಷ್ಟ. ಮಿಲ್ವರ್ಡನ ವಾದಕ್ಕೆ ಬಲ ಬಂದುದು ಸರ್ಕಾರಿ ಕಡತಗಳಿಂದ ಎಂಬುದನ್ನು ಇಲ್ಲಿ ಹೇಳಲೇಬೇಕು. 1983ರ ಒಂದು ನಿಯಮದ ಪ್ರಕಾರ ಸಮುದಾಯವೂ 30 ವರ್ಷ ಕಳೆದ ತನ್ನ ಕಡತಗಳನ್ನು ಸಂಶೋಧಕರಿಗೆ ತೆರೆಯಿತು. ಸಿದ್ಧಾಂತವನ್ನು ಆಕರಗಳ ಮುಂದೆ ನಿಲ್ಲಿಸಿ ನೋಡುವ ಅಭ್ಯಾಸವೇ ಸ್ನಾತಕೋತ್ತರ ಪ್ರಬಂಧದ ನಿಜವಾದ ಪ್ರಯೋಜನ.

ವಸ್ತು ಬೆಳೆದಂತೆ ಪಠ್ಯಕ್ರಮವೂ ಬೆಳೆಯಿತು. 1993ರ ನವೆಂಬರ್ 1ರಂದು ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದದಿಂದ ‘ಯೂರೋಪು ಒಕ್ಕೂಟ’ ಏರ್ಪಟ್ಟು, ನಾಣ್ಯ, ಪೌರತ್ವ, ವಿದೇಶಾಂಗ ನೀತಿಗಳು ಪಾಠದ ವಿಷಯಗಳಾದುವು. 2004ರಲ್ಲಿ ಹತ್ತು ದೇಶಗಳು ಒಮ್ಮೆಗೇ ಸೇರಿದುವು. 2016ರ ಜನಾಭಿಪ್ರಾಯದ ಮೇರೆಗೆ ಬ್ರಿಟನ್ 2020ರ ಜನವರಿ 31ರಂದು ಹೊರನಡೆದಾಗ, ಐಕ್ಯದ ಜೊತೆಗೆ ವಿಘಟನೆಯನ್ನೂ ವಿವರಿಸಬೇಕಾದ ಭಾರ ಶಾಸ್ತ್ರದ ಮೇಲೆ ಬಿದ್ದಿತು.

5. ಕ್ರೆಡಿಟ್ ಎಂಬ ಅಳತೆಗೋಲು

ಈಗ ಪರಿಶ್ರಮದ ಪ್ರಮಾಣದ ಪ್ರಶ್ನೆಗೆ ಬರೋಣ. 1987ರಲ್ಲಿ ‘ಎರಾಸ್ಮಸ್’ ಯೋಜನೆ ಆರಂಭವಾಗಿ, ಒಂದು ದೇಶದ ವಿದ್ಯಾರ್ಥಿ ಮತ್ತೊಂದು ದೇಶದಲ್ಲಿ ಕೆಲವು ಕಾಲ ಓದಲು ಅವಕಾಶ ದೊರೆಯಿತು. ಅಲ್ಲಿ ಓದಿದುದನ್ನು ಇಲ್ಲಿ ಎಷ್ಟೆಂದು ಲೆಕ್ಕ ಹಾಕಬೇಕು? ಇದಕ್ಕಾಗಿ 1989ರಲ್ಲಿ ಯೂರೋಪಿನ ಕ್ರೆಡಿಟ್ ವರ್ಗಾವಣೆ ಪದ್ಧತಿ ಪ್ರಾಯೋಗಿಕವಾಗಿ ಜಾರಿಗೆ ಬಂದಿತು. ಪೂರ್ಣಾವಧಿ ವ್ಯಾಸಂಗದ ಒಂದು ವರ್ಷಕ್ಕೆ 60 ಕ್ರೆಡಿಟ್; ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಕೆಲಸ. ತರಗತಿಯಲ್ಲಿ ಕುಳಿತ ಹೊತ್ತು ಮಾತ್ರವಲ್ಲದೆ ಗ್ರಂಥಾಲಯದಲ್ಲಿ ಓದಿದ, ಮನೆಯಲ್ಲಿ ಬರೆದ ಹೊತ್ತೂ ಇದರಲ್ಲಿ ಸೇರಿದೆ. ಹೀಗೆ ವರ್ಷಕ್ಕೆ 1500ರಿಂದ 1800 ಗಂಟೆಗಳಾಗುತ್ತವೆ.

1998ರ ಮೇ ತಿಂಗಳಲ್ಲಿ ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್‌ಗಳ ಸಚಿವರು ಪ್ಯಾರಿಸಿನ ಸೊರ್ಬಾನಿನಲ್ಲಿ ಕೂಡಿ ಪದವಿಗಳ ಸಾಮರಸ್ಯದ ಘೋಷಣೆ ಹೊರಡಿಸಿದರು. 1999ರ ಜೂನ್ 19ರಂದು 29 ದೇಶಗಳ ಸಚಿವರು ಬೊಲೋನ್ಯದಲ್ಲಿ ಅದನ್ನು ವಿಸ್ತರಿಸಿದರು. ಯೂರೋಪಿನ ಅತ್ಯಂತ ಪ್ರಾಚೀನ ವಿಶ್ವವಿದ್ಯಾನಿಲಯದ ಊರನ್ನೇ ಆರಿಸಿದುದು ಆಕಸ್ಮಿಕವಲ್ಲ. 2005ರಲ್ಲಿ ಬೆರ್ಗೆನ್ನಿನಲ್ಲಿ ಒಪ್ಪಿದ ಚೌಕಟ್ಟಿನಂತೆ ಮೊದಲ ಪದವಿಗೆ 180ರಿಂದ 240 ಕ್ರೆಡಿಟ್‌ಗಳು. ಎರಡನೆಯದಕ್ಕೆ ಸಾಮಾನ್ಯವಾಗಿ 90ರಿಂದ 120, ಅದರಲ್ಲಿ ಕನಿಷ್ಠ 60 ಆ ಮಟ್ಟದವೇ ಆಗಿರಬೇಕು. ಬ್ರಿಟನ್ನಿನ ಒಂದು ವರ್ಷದ ಪದವಿಯು ಅಲ್ಲಿನ ಲೆಕ್ಕದಲ್ಲಿ 180, ಯೂರೋಪಿನ ಲೆಕ್ಕದಲ್ಲಿ 90. ಪ್ರಬಂಧಕ್ಕೆ ಸಾಮಾನ್ಯವಾಗಿ 15ರಿಂದ 30 ಯೂರೋಪಿನ ಕ್ರೆಡಿಟ್‌ಗಳನ್ನು ಮೀಸಲಿಡುತ್ತಾರೆ. ಭಾಷೆಯ ಅಳತೆಗೂ ಯೂರೋಪು ಪರಿಷತ್ತು 2001ರಲ್ಲಿ ಆರು ಮೆಟ್ಟಿಲುಗಳ ಮಾನದಂಡವನ್ನು ಪ್ರಕಟಿಸಿತು.

ಈ ಸುಧಾರಣೆ ನಿರ್ವಿವಾದವಾಗಿ ನಡೆಯಲಿಲ್ಲ. ಜರ್ಮನಿಯ ಹಳೆಯ ‘ಮಗಿಸ್ಟರ್’ ಪದವಿಯಲ್ಲಿ ವಿದ್ಯಾರ್ಥಿಯು ತನ್ನ ಹಾದಿಯನ್ನು ತಾನೇ ಆರಿಸಿಕೊಂಡು, ಸಾವಕಾಶವಾಗಿ ಓದಿ, ಕೊನೆಗೆ ದೊಡ್ಡ ಪ್ರಬಂಧವನ್ನೂ ಪರೀಕ್ಷೆಯನ್ನೂ ಎದುರಿಸುತ್ತಿದ್ದನು. ಅದು ಬಹುತೇಕ ಅಳಿದು, ತುಂಡು ತುಂಡಾದ ಪಠ್ಯಭಾಗಗಳೂ ಒಂದೊಂದಕ್ಕೂ ಒಂದೊಂದು ಪರೀಕ್ಷೆಯೂ ಬಂದುವು. 2009ರಲ್ಲಿ ಜರ್ಮನಿಯ ವಿದ್ಯಾರ್ಥಿಗಳು ಇದರ ವಿರುದ್ಧ ಬೀದಿಗಿಳಿದರು. ವಿದ್ಯೆಯನ್ನು ಗಂಟೆಗಳಲ್ಲಿ ತೂಗುವುದು ವಿದ್ಯೆಗೆ ಅವಮಾನವೆಂಬ ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ 1215ರ ಕಟ್ಟಳೆಯೂ ವರ್ಷಗಳನ್ನೇ ಎಣಿಸಿತ್ತೆಂಬುದನ್ನು ಮರೆಯಲಾಗದು. ನಮ್ಮ ದೃಷ್ಟಿಯಲ್ಲಿ ಹೊಸತಾಗಿರುವುದು ಅಳೆಯುವಿಕೆಯಲ್ಲ, ವಿನಿಮಯ. ಪ್ಯಾರಿಸಿನ ಆರು ವರ್ಷ ಪ್ಯಾರಿಸಿನಲ್ಲಿಯೇ ಕಳೆಯಬೇಕಾದ ಆರು ವರ್ಷವಾಗಿತ್ತು. ಇಂದಿನ ಕ್ರೆಡಿಟ್ಟು ನಾಣ್ಯದಂತೆ ಊರಿಂದೂರಿಗೆ ನಡೆಯುತ್ತದೆ. ಬಡ ವಿದ್ಯಾರ್ಥಿಗೂ ಗಡಿ ದಾಟುವ ಅವಕಾಶವನ್ನು ಈ ನಾಣ್ಯ ತಂದುಕೊಟ್ಟಿತು. ಅದೇ ಕಾಲಕ್ಕೆ, ನಾಣ್ಯವನ್ನು ಕೂಡಿಹಾಕುವುದೇ ವಿದ್ಯಾರ್ಜನೆಯೆಂಬ ಭ್ರಮೆಗೂ ದಾರಿ ಮಾಡಿತು. ಲಾಭ ನಷ್ಟಗಳೆರಡನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

6. ನಮ್ಮ ವಿದ್ಯಾರ್ಥಿಗಳ ದೃಷ್ಟಿಯಿಂದ

ಯೂರೋಪಿನ ವಿದ್ವಾಂಸರು ನಮ್ಮನ್ನು ಅಧ್ಯಯನ ಮಾಡಿ ಪದವಿ ಪಡೆದ ಕಾಲವೊಂದಿತ್ತು. ಕನ್ನಡಕ್ಕಾಗಿ ದುಡಿದ ಹರ್ಮನ್ ಮೋಗ್ಲಿಂಗ್ ಅವರಿಗೆ 1858ರಲ್ಲಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ 1896ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಯೂರೋಪನ್ನು ಅದೇ ಬಗೆಯ ಶ್ರದ್ಧೆಯಿಂದ, ಅದರ ಭಾಷೆಗಳ ಮೂಲಕ, ನಾವು ಅಧ್ಯಯನ ಮಾಡುವ ಪರಂಪರೆ ತಡವಾಗಿ ಆರಂಭವಾಯಿತು. ದೆಹಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆಯು 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸೇರಿಕೊಂಡು, ಯೂರೋಪು ಅಲ್ಲಿನ ಅಧ್ಯಯನ ಕ್ಷೇತ್ರಗಳಲ್ಲಿ ಒಂದಾಯಿತು. ಕರ್ನಾಟಕದಲ್ಲಿ ಈ ಶತಮಾನದ ಮೊದಲ ದಶಕಗಳಲ್ಲಿ ಮಣಿಪಾಲದ ವಿಶ್ವವಿದ್ಯಾನಿಲಯವು ಯೂರೋಪು ಅಧ್ಯಯನದಲ್ಲಿ ಎಂ.ಎ. ವ್ಯಾಸಂಗವನ್ನು ಏರ್ಪಡಿಸಿತು.

ಯೂರೋಪಿಗೇ ಹೋಗಿ ಈ ಪದವಿ ಪಡೆಯಬಯಸುವ ಕನ್ನಡ ವಿದ್ಯಾರ್ಥಿಯ ಸ್ಥಿತಿಯೇನು? ಮೊದಲ ಪ್ರಶ್ನೆ ಅವಧಿಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷದ ಪದವಿಯನ್ನೂ ಅದನ್ನು ಮುಗಿಸಿದವರಿಗೆ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗವನ್ನೂ ಸೂಚಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಬೊಲೋನ್ಯ ಚೌಕಟ್ಟಿನಲ್ಲಿ ಮೂರು ವರ್ಷದ ಮೊದಲ ಪದವಿಗೂ ಸ್ಥಾನವಿದೆ. ಆದ್ದರಿಂದ ವರ್ಷಗಳ ಎಣಿಕೆಯೊಂದರಿಂದಲೇ ನಮ್ಮ ಪದವೀಧರನನ್ನು ಅನರ್ಹನೆನ್ನಲಾಗದು. ಆದರೆ ಪ್ರವೇಶಮಂಡಲಿಗಳು ವರ್ಷಗಳ ಜೊತೆಗೆ ವಿಷಯದ ಸಾಂದ್ರತೆಯನ್ನೂ ನೋಡುತ್ತವೆ. ಎರಡನೆಯ ಪ್ರಶ್ನೆ ಹಿಂದಿರುಗಿದ ಬಳಿಕದ ಮನ್ನಣೆಯದು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ನಮ್ಮ ದೇಶದಲ್ಲಿ ಸಮಾನತೆ ಸಿಗದೆ ಅನೇಕರು ತೊಂದರೆಪಟ್ಟಿದ್ದರು. 2022ರ ಜುಲೈಯಲ್ಲಿ ಎರಡು ದೇಶಗಳ ನಡುವೆ ಆದ ತಿಳಿವಳಿಕೆ ಪತ್ರದಿಂದ ಆ ತೊಡಕು ಬಹುಮಟ್ಟಿಗೆ ಪರಿಹಾರವಾಯಿತು. 1233ರ ಟುಲೂಸಿನ ಪ್ರಶ್ನೆಯೇ ಬೇರೆ ವೇಷದಲ್ಲಿ ಇಲ್ಲಿ ಮತ್ತೆ ಕಾಣಿಸಿಕೊಂಡುದನ್ನು ನೋಡಬಹುದು.

ನಮ್ಮ ಕಾಲೇಜುಗಳ ಒಂದು ಹಳೆಯ ಏರ್ಪಾಡನ್ನು ಇಲ್ಲಿ ಪ್ರಸ್ತಾಪಿಸುವುದು ಅವಶ್ಯ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಈ ಮೂರನ್ನೂ ಸಮಾನ ಪ್ರಾಧಾನ್ಯದಿಂದ ಓದುವ ‘ಎಚ್.ಇ.ಪಿ.’ ಎಂಬ ಬಿ.ಎ. ಸಂಯೋಜನೆ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿಯೂ ಬಹುಕಾಲದಿಂದ ಪ್ರಚಲಿತವಾಗಿದೆ. ಬೇರೆ ಯಾವುದೂ ಸಿಗದವರು ಓದುವ ವಿಷಯಗಳೆಂದು ಅದನ್ನು ಹಗುರವಾಗಿ ಕಾಣುವವರುಂಟು. ಆದರೆ ಯೂರೋಪು ಅಧ್ಯಯನವು ಇಷ್ಟು ಪ್ರಯಾಸದಿಂದ ಒಟ್ಟುಗೂಡಿಸಿದ ಶಾಸ್ತ್ರಗಳಲ್ಲಿ ನ್ಯಾಯಶಾಸ್ತ್ರವೊಂದನ್ನುಳಿದು ಮಿಕ್ಕೆಲ್ಲವೂ ಆ ಸಂಯೋಜನೆಯಲ್ಲಿ ಮೊದಲಿನಿಂದಲೇ ಕೂಡಿವೆ. ಗ್ರಾಮಾಂತರದ ಕಾಲೇಜಿನಿಂದ ಬಂದ ವಿದ್ಯಾರ್ಥಿಗೆ ಇದು ಕೊರತೆಯಲ್ಲ, ಬಂಡವಾಳ. ಅವನಲ್ಲಿ ಅಥವಾ ಅವಳಲ್ಲಿ ನಿಜವಾಗಿ ಕೊರತೆಯಾಗಿರುವವು ಬೇರೆ ಎರಡು: ಮೊದಲ ಪದವಿಯಲ್ಲಿ ಆಕರಗಳನ್ನು ಹಿಡಿದು ಸ್ವತಂತ್ರವಾಗಿ ಬರೆದ ಒಂದು ಪ್ರಬಂಧ, ಮತ್ತು ಇಂಗ್ಲಿಷನ್ನು ಬಿಟ್ಟು ಮತ್ತೊಂದು ಯೂರೋಪಿಯನ್ ಭಾಷೆ.

ಈ ಎರಡನ್ನೂ ಒದಗಿಸುವುದು ನಮ್ಮ ಶಿಕ್ಷಣ ವಿಭಾಗಗಳ ಕೈಮೀರಿದ ಕೆಲಸವಲ್ಲ. ಅಂತಿಮ ವರ್ಷದಲ್ಲಿ ಒಂದು ಪ್ರಶ್ನಪತ್ರಿಕೆಯ ಬದಲಿಗೆ ಒಂದು ಪ್ರಬಂಧವನ್ನು ಬರೆಯಿಸಬಹುದು. ಒಕ್ಕೂಟದ ಒಪ್ಪಂದಗಳೂ ನ್ಯಾಯಾಲಯದ ತೀರ್ಪುಗಳೂ ಇಂದು ಯಾರಿಗೆ ಬೇಕಾದರೂ ಶುಲ್ಕವಿಲ್ಲದೆ ಓದಲು ದೊರೆಯುತ್ತವೆ. ಭಾಷೆಯ ವಿಷಯದಲ್ಲಂತೂ ಕನ್ನಡಿಗನಿಗೆ ಹಿಂಜರಿಕೆಗೆ ಕಾರಣವಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳಲ್ಲಿ ಬೆಳೆದವನಿಗೆ ನಾಲ್ಕನೆಯದು ಪರ್ವತವಲ್ಲ. ಇನ್ನೂ ಒಂದು ಮಾತು: 27 ದೇಶಗಳ, 24 ಅಧಿಕೃತ ಭಾಷೆಗಳ ಒಕ್ಕೂಟವು ಹೇಗೆ ನಡೆಯುತ್ತದೆಂಬ ಪ್ರಶ್ನೆಯನ್ನು, 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಪುನರ್ವಿಂಗಡಿಸಿಕೊಂಡ ದೇಶದ ವಿದ್ಯಾರ್ಥಿಯು ಕೇಳುವ ರೀತಿಯೇ ಬೇರೆ. ಬ್ರೂಜಿನಲ್ಲಿ ಓದುವ ಯೂರೋಪಿಯನ್ನನಿಗೆ ಸಮಸ್ಯೆಯಾಗಿ ಕಾಣುವುದು ಅವನಿಗೆ ಅನುಭವವಾಗಿ ಕಾಣಬಹುದು. ಆ ಅನುಭವವನ್ನು ಶಾಸ್ತ್ರದ ಭಾಷೆಯಲ್ಲಿ ಮಂಡಿಸಿದಾಗ ಅವನು ಯೂರೋಪು ಅಧ್ಯಯನಕ್ಕೆ ಏನನ್ನಾದರೂ ಹೊಸತಾಗಿ ಸೇರಿಸಿದಂತಾಗುತ್ತದೆ.

ಇದುವರೆಗಿನ ವಿವೇಚನೆಯಿಂದ ಫಲಿಸುವುದಿಷ್ಟು. ಈ ಪದವಿಯ ಐದು ನಿಬಂಧನೆಗಳಲ್ಲಿ ಕಾಲದ ಅಳತೆಯು ಮಧ್ಯಯುಗದಿಂದಲೂ, ರಾಜ್ಯಶಾಸ್ತ್ರದ ಪೂರ್ವವ್ಯಾಸಂಗವು ರಾಜ್ಯಗಳ ಅಗತ್ಯದಿಂದಲೂ, ಎರಡನೆಯ ಭಾಷೆಯು ಯುದ್ಧಾನಂತರದ ಸಂಧಾನದ ಆಶಯದಿಂದಲೂ, ಬಹುಶಾಸ್ತ್ರ ವ್ಯಾಸಂಗವು ವಸ್ತುವಿನ ಸ್ವಭಾವದಿಂದಲೂ, ಪ್ರಬಂಧವು ಆಕರಗಳ ಶಿಸ್ತಿನಿಂದಲೂ ಬಂದುವು. ಇವುಗಳಲ್ಲಿ ಕ್ರೆಡಿಟ್ಟಿನಿಂದ ಅಳೆಯಬಹುದಾದುವು ಕೆಲವು, ಅಳೆಯಲಾಗದುವು ಕೆಲವು. ನಮ್ಮ ವಿಶ್ವವಿದ್ಯಾನಿಲಯಗಳು ಇಂಥ ಪದವಿಗಳಿಗೆ ನಿಬಂಧನೆಗಳನ್ನು ರಚಿಸುವಾಗ ಮೊದಲನೆಯವನ್ನು ಲೆಕ್ಕಕ್ಕಾಗಿ ಉಳಿಸಿಕೊಂಡು, ಎರಡನೆಯವನ್ನು ವಿದ್ಯೆಗಾಗಿ ಬಲಪಡಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. 1215ರ ಕಟ್ಟಳೆಯಲ್ಲಿ ಬಿದ್ದುಹೋದ ಷರತ್ತನ್ನೂ ಒಮ್ಮೆ ಸ್ಮರಿಸಿಕೊಳ್ಳುವುದು ಒಳ್ಳೆಯದು: ಹೊರಗೆ ಹೋಗಿ ಕಲಿತುಬಂದವರು ಎರಡು ವರ್ಷವಾದರೂ ನಮ್ಮ ಕಾಲೇಜುಗಳಲ್ಲಿ, ನಮ್ಮ ಭಾಷೆಯಲ್ಲಿ, ಕಲಿತುದನ್ನು ಕಲಿಸಿದರೆ ಈ ಪದವಿಯ ಹಳೆಯ ಹೆಸರು ಸಾರ್ಥಕವಾದೀತು.